ಐರ್ಲೆಂಡಿನಾಗ ಯಾರ ಹವಾ ಐತ್ರಿ?

ಹಳಿಯಾಳ

ಮಂದಿ ಯಾರಿಗೆ ಓಟು ಹಾಕುತ್ತಾರೆ ಎಂದು ಮನೆಮನೆಗೆ ಹೋಗಿ ಕೇಳುವುದು ನನ್ನ ಕೆಲಸ. ಚುನಾವಣೆ ಹತ್ತಿರ ಬಂತೆಂದರೆ ಹುಬ್ಬಳ್ಳಿಯಿಂದ ಸರ್ವೇ ಕಂಪನಿಯವರು ಫೋನ್ ಮಾಡುತ್ತಾರೆ. ನಾನು ಚೀಲ ಹೆಗಲಿಗೇರಿಸಿ, ಕೊಡೆ ಹಿಡಿದು ಹೊರಡುತ್ತೇನೆ. ಹದಿನೆಂಟು ವರ್ಷದಲ್ಲಿ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದ ನಾಯಿಗಳಿಗೆಲ್ಲ ನನ್ನ ಪರಿಚಯವಾಗಿದೆ. ಜೋಯಿಡಾದ ಕಡೆ ಒಂದು ಮನೆಯಿಂದ ಇನ್ನೊಂದು ಮನೆ ಮುಟ್ಟುವಷ್ಟರಲ್ಲಿ ಕೇಳಬೇಕಾದ ಪ್ರಶ್ನೆಯೇ ಮರೆತುಹೋಗುತ್ತದೆ. ಅಂಬಿಕಾನಗರದ ಕ್ವಾರ್ಟರ್ಸಿನಲ್ಲಿ ಬಾಗಿಲು ಅರ್ಧ ತೆರೆದು “ಸಾಹೇಬ್ರು ಡ್ಯೂಟಿಗೆ ಹೋಗ್ಯಾರ್ರೀ, ನನಗೇನೂ ಗೊತ್ತಿಲ್ರಿ” ಎಂದ ಹೆಣ್ಣುಮಗಳು ಅದೇ ಅರ್ಧ ಬಾಗಿಲಲ್ಲಿ ನಿಂತು ಒಂದು ತಾಸು ಇಡೀ ಕಾಲನಿಯ ರಾಜಕೀಯ ಹೇಳುತ್ತಾಳೆ.

ಇಷ್ಟು ವರ್ಷದಲ್ಲಿ ಕಲಿತದ್ದು ಒಂದೇ. ತನ್ನ ಓಟಿನ ಬಗ್ಗೆ ಯಾರೂ ಖರೆ ಹೇಳುವುದಿಲ್ಲ. ಬಾಜೂ ಮನೆಯವರ ಓಟಿನ ಬಗ್ಗೆ ಯಾರೂ ಸುಳ್ಳು ಹೇಳುವುದಿಲ್ಲ. ಅದಕ್ಕೇ ನಾನು ಸಾಂಬ್ರಾಣಿಗೆ ಹೋಗಲಿ, ಪಾಳಾಕ್ಕೆ ಹೋಗಲಿ, ಕಂಪನಿ ಕೊಟ್ಟ ಪ್ರಶ್ನೆಗಳನ್ನೆಲ್ಲ ಕೇಳಿ ಮುಗಿಸಿ, ಪೆನ್ನು ಮುಚ್ಚಿ, ನೀರು ಕುಡಿದು, ಎದ್ದು ಹೋಗುವಾಗ ಸಹಜವಾಗಿ ಕೇಳುತ್ತೇನೆ: “ಅಂದಂಗ, ನಿಮ್ಮ ಓಣ್ಯಾಗ ಯಾರ ಹವಾ ಐತ್ರಿ?” ಆಗ ಬರುವ ಉತ್ತರವೇ ಉತ್ತರ. ಹುಬ್ಬಳ್ಳಿಯ ಸಾಹೇಬರು “ಗಿರಿಜಾ ಮೇಡಮ್ಮರ ಶೀಟು ಬಂತಂದ್ರ ರಿಸಲ್ಟ್ ಬಂದಂಗ” ಎನ್ನುತ್ತಾರೆ. ಕೇಳಿ ನನಗೆ ಸ್ವಲ್ಪ ಸೊಕ್ಕೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಹೀಗಿರುವಾಗ ತಂಗಿ ಶೈಲಾ ಐರ್ಲೆಂಡಿನಿಂದ ಫೋನ್ ಮಾಡಿದಳು. ನಾವಿಬ್ಬರೂ ಹುಟ್ಟಿ ಬೆಳೆದದ್ದು ದಾಂಡೇಲಿಯಲ್ಲಿ. ಅಪ್ಪ ಅಲ್ಲಿ ಕಾಗದದ ಗಿರಣಿಯಲ್ಲಿದ್ದ. ನಾನು ಹಳಿಯಾಳಕ್ಕೆ ಸೊಸೆಯಾಗಿ ಬಂದೆ. ಆಕೆ ನರ್ಸಿಂಗ್ ಕಲಿತು, ಮದುವೆಯ ಗೊಡವೆಗೆ ಹೋಗದೆ, ಹನ್ನೆರಡು ವರ್ಷದ ಹಿಂದೆ ಐರ್ಲೆಂಡಿಗೆ ಹೋಗಿ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರಿದಳು.

“ಅಕ್ಕಾ, ನಾ ಇಲೆಕ್ಷನ್‌ಗೆ ನಿಂತೇನಿ.”

“ನರ್ಸ್‌ಗಳ ಸಂಘದ್ದೇನ?”

“ಅಲ್ಲಕ್ಕಾ, ಊರಿನ ಕೌನ್ಸಿಲ್‌ಗೆ. ನಮ್ಮ ಕಡೆ ಪುರಸಭೆ ಇದ್ದಂಗ. ಇಲ್ಲೆ ಮನಿ ಮಾಡಿ ಇದ್ದವರು ಯಾರು ಬೇಕಾದ್ರೂ ನಿಲ್ಲಬಹುದು, ಪಾಸ್‌ಪೋರ್ಟ್ ಯಾವ ದೇಶದ್ದಿದ್ರೂ ನಡೀತೈತಿ.”

ವೃದ್ಧಾಶ್ರಮದಿಂದ ಊರೊಳಗೆ ಹೋಗಲು ನಡೆಯುವ ಹಾದಿ ಇರಲಿಲ್ಲವಂತೆ, ಬರೀ ಕಾರಿನ ರಸ್ತೆ. ಮೂರು ವರ್ಷದ ಹಿಂದೆ ಚಳಿಗಾಲದಲ್ಲಿ ಒಬ್ಬ ಅಜ್ಜಿ ಪೇಟೆಗೆ ಹೋಗಿ ಚಹಾ ಕುಡಿದು ಬರಬೇಕೆಂದು ಹೊರಟು, ಲಾರಿಗೆ ಹೆದರಿ ಬದಿಗೆ ಸರಿದು, ಗಟಾರದಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. ಶೈಲಾ ಫುಟ್‌ಪಾತ್ ಮಾಡಿಕೊಡಿ ಎಂದು ಎರಡು ವರ್ಷ ಅರ್ಜಿ ಬರೆದಳು. “ನಿಮ್ಮ ಅರ್ಜಿ ತಲುಪಿದೆ” ಎಂದು ಎರಡು ವರ್ಷ ಉತ್ತರ ಬಂತು. ಸಿಟ್ಟಿಗೆದ್ದು ತಾನೇ ನಿಂತುಬಿಟ್ಟಿದ್ದಳು.

“ನೀ ಬಾ ಅಕ್ಕಾ. ನಾ ಆರಿಸಿ ಬರ್ತೇನೋ ಇಲ್ಲೋ, ನಿನ್ನಷ್ಟು ಚಂದ ಯಾರು ಹೇಳ್ತಾರ?”

ನಮ್ಮವರು ಅಂಗಡಿಯಲ್ಲಿ ಕಡಲೆ ತೂಗುತ್ತಿದ್ದರು. ಸುದ್ದಿ ಕೇಳಿ ತಕ್ಕಡಿ ಹಾಗೇ ಹಿಡಿದುಕೊಂಡು ನಿಂತರು. “ನಾಕು ತಾಲೂಕಿನಾಗ ಮಂದೀನ್ನ ಕೇಳಿ ಕೇಳಿ ಸಾಕಾಗಲಿಲ್ಲೇನು? ಈಗ ಪರದೇಶದವರನ್ನೂ ಕೇಳಾಕ ಹೊಂಟೀ?” ಎಂದರು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇರುವ ಅವ್ವ ಏನೂ ಕೇಳದೆ ಶೇಂಗಾ ಹೋಳಿಗೆಗೆ ಬೆಲ್ಲ ಕುಟ್ಟಲು ಕೂತಳು.

ಡಬ್ಲಿನ್

ವಿಮಾನದಿಂದ ಇಳಿದರೆ ಜೂನ್ ತಿಂಗಳಲ್ಲಿ ಅಂಥ ಚಳಿ. ಪಾಸ್‌ಪೋರ್ಟ್ ನೋಡುವ ಗಾಜಿನ ಗೂಡಿನಲ್ಲಿ ಕೆಂಪು ಗಡ್ಡದ ಸಾಹೇಬ ಯಾಕೆ ಬಂದಿರಿ ಎಂದು ಕೇಳಿದ. ಶೈಲಾ ಫೋನಿನಲ್ಲಿ “ತಂಗೀನ್ನ ನೋಡಾಕ ಬಂದೇನಿ ಅಂತ ಇಷ್ಟ ಹೇಳು” ಎಂದು ಹತ್ತು ಸಲ ಹೇಳಿದ್ದಳು. ನಾನು ನನ್ನ ಹರಕು ಇಂಗ್ಲಿಷಿನಲ್ಲಿ ತಂಗಿ ಕೌನ್ಸಿಲ್‌ಗೆ ನಿಂತದ್ದು, ಗಟಾರದಲ್ಲಿ ಬಿದ್ದ ಅಜ್ಜಿ, ಫುಟ್‌ಪಾತು ಎಲ್ಲ ಹೇಳಿಬಿಟ್ಟೆ. ಹಿಂದೆ ಸರದಿ ಬೆಳೆಯಿತು. ಆತ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡ.

“ಗೆಲ್ತಾಳೇನು?” ಎಂದ.

“ಅದನ್ನ ನೋಡಾಕ ಬಂದೇನ್ರಿ” ಎಂದೆ. ಆತ ನಕ್ಕು ಠಪ್ ಎಂದು ಠಸ್ಸೆ ಒತ್ತಿದ.

ಮುಂದೆ ಪಶ್ಚಿಮಕ್ಕೆ ಬಸ್ಸಿನಲ್ಲಿ ಮೂರು ತಾಸು. ನಮ್ಮ ದಾಂಡೇಲಿ ಬಸ್ಸಿನಲ್ಲಿ ಇಳಿಯುವವರು “ಹೋಲ್ಡಾನ್, ಹೋಲ್ಡಾನ್” ಎಂದು ಕೂಗಿ, ಡ್ರೈವರನಿಗೆ ಎರಡು ಮಾತು ಅಂದು, ಅವನಿಂದ ನಾಲ್ಕು ಅನ್ನಿಸಿಕೊಂಡು ಇಳಿಯುತ್ತಾರೆ. ಇಲ್ಲಿ ಒಬ್ಬೊಬ್ಬರೂ ಇಳಿಯುವಾಗ ಡ್ರೈವರನಿಗೆ ಥ್ಯಾಂಕ್ಸ್ ಹೇಳುತ್ತಾರೆ. ಕಿವಿಗೆ ವೈರು ಸಿಕ್ಕಿಸಿಕೊಂಡ ಕಾಲೇಜು ಹುಡುಗಿಯರೂ ಹೇಳುತ್ತಾರೆ. ನಾನೂ ನನ್ನ ಸ್ಟಾಪು ಬಂದಾಗ ಬಹಳ ತಯಾರಿ ಮಾಡಿಕೊಂಡು, ಗಟ್ಟಿಯಾಗಿ ಥ್ಯಾಂಕ್ಸ್ ಹೇಳಿ, ಆ ಸಂಭ್ರಮದಲ್ಲಿ ಅವ್ವನ ಹೋಳಿಗೆ ಡಬ್ಬಿ ಸೀಟಿನ ಮೇಲೆ ಬಿಟ್ಟು ಇಳಿದೆ. ಡ್ರೈವರ್ ಬಸ್ಸು ನಿಲ್ಲಿಸಿ, ಇಳಿದು, ಮಳೆಯಲ್ಲಿ ಓಡಿ ಬಂದು ಡಬ್ಬಿ ಕೊಟ್ಟ. ಆಗ ಮತ್ತೆ ಥ್ಯಾಂಕ್ಸ್ ಹೇಳಿದೆ. ಆತನೂ ನನಗೇ ಥ್ಯಾಂಕ್ಸ್ ಹೇಳಿದ. ಯಾಕೋ ಗೊತ್ತಾಗಲಿಲ್ಲ.

ಶೈಲಾಳ ಊರು

ಊರಿನ ಹೆಸರು ಬರೆಯಬೇಡ ಎಂದು ತಂಗಿಯ ಕಟ್ಟಪ್ಪಣೆ. ಅಲ್ಲಿಯವರಿಗೆ ಕನ್ನಡ ಬರುವುದಿಲ್ಲ, ಆದರೂ ಆಕೆಗೆ ಅನುಮಾನ.

ಊರ ಬಾಗಿಲಲ್ಲೇ ವಿದ್ಯುತ್ ಕಂಬದ ಮೇಲೆ ನನ್ನ ತಂಗಿ ನಗುತ್ತಿದ್ದಳು. ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಸಾಲೆಗೆ ಹೋಗುವಾಗ ಜಡೆ ಹಾಕಿಸಿಕೊಳ್ಳಲು ಅತ್ತು ಕರೆಯುತ್ತಿದ್ದ ಹುಡುಗಿ ಪರದೇಶದ ಕಂಬದ ಮೇಲೆ ಕೂತಿದ್ದಾಳೆ! ಪೋಸ್ಟರಿನ ಮೇಲೆ ಪಕ್ಷ ಇಲ್ಲ, ಗುರುತಿಲ್ಲ. ಮುಖ ಮತ್ತು ಹೆಸರು, ಅಷ್ಟೇ. ಆ ಹೆಸರನ್ನು ಅಲ್ಲಿಯವರು “ಶೀಲಾ” ಎನ್ನುತ್ತಿದ್ದರು. ಶೀಲಾ ಅವರಲ್ಲಿ ಅಜ್ಜಿಯಂದಿರ ಹೆಸರಂತೆ.

ಆಕೆಯ ಪ್ರಚಾರದ ಮುಖ್ಯಸ್ಥ ಮಾರ್ಟಿನ್. ಎಪ್ಪತ್ತು ದಾಟಿದ ರಿಟೈರ್ಡ್ ಪೋಸ್ಟ್‌ಮನ್. ಯಾರ ಮನೆಗೆ ಯಾವ ಪತ್ರ ಬರುತ್ತದೆ ಎಂದು ನಲವತ್ತು ವರ್ಷ ನೋಡಿದವನು, ಯಾರು ಯಾರಿಗೆ ಓಟು ಹಾಕುತ್ತಾರೆ ಎನ್ನುವುದೂ ತನಗೆ ಗೊತ್ತು ಎನ್ನುತ್ತಿದ್ದ. ಆತನ ತಾಯಿಯನ್ನು ಕೊನೆಗಾಲದಲ್ಲಿ ನೋಡಿಕೊಂಡವಳು ಶೈಲಾ. ಆ ಋಣಕ್ಕೆ ಬಂದು ನಿಂತಿದ್ದ. ಮೊದಲ ದಿನ ನನಗೆ ಆತನ ಇಂಗ್ಲಿಷ್ ಒಂದಕ್ಷರ ತಿಳಿಯಲಿಲ್ಲ. ಎರಡನೇ ದಿನಕ್ಕೆ ಅದು ನಮ್ಮ ಕಡೆಯ ಮಾತಿನಂತೆಯೇ ಕೇಳತೊಡಗಿತು. ಅದಕ್ಕೇ ಅಲ್ಲಿಯವರ ಮಾತನ್ನೆಲ್ಲ ನನಗೆ ಕೇಳಿಸಿದಂತೆಯೇ ಬರೆಯುತ್ತೇನೆ.

“ನೀ ಊರಾಗ ಇದನ್ನ ಮಾಡ್ತೀಯಂತಲ್ಲ?” ಎಂದು ಕೇಳಿದ.

“ಹದಿನೆಂಟು ವರ್ಷ ಆತ್ರಿ.”

“ನಂದು ನಲವತ್ತು” ಎಂದು ಟೊಪ್ಪಿಗೆ ಸರಿ ಮಾಡಿಕೊಂಡ. ಅಲ್ಲಿಗೆ ನಮ್ಮಿಬ್ಬರ ನಡುವೆ ಪೈಪೋಟಿ ಶುರುವಾಯಿತು.

ಚರ್ಚಿನ ಹಿಂದಿನ ಬೀದಿ

ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಶೈಲಾಳ ರೇನ್‌ಕೋಟು, ಕಾಲಿಗೆ ರಬ್ಬರ್ ಬೂಟು. ಆ ವೇಷದಲ್ಲಿ ನಾನು ಮನೆಮನೆ ಬಾಗಿಲು ಬಡಿಯುತ್ತ ಹೋದೆ. ಬಾಗಿಲ ನಡುವಿನ ಸೀಳಿನಲ್ಲಿ ಕರಪತ್ರ ತೂರಿಸಬೇಕು. ಮೊದಲ ಮನೆಯಲ್ಲೇ ಒಳಗಿನಿಂದ ನಾಯಿ ಕರಪತ್ರವನ್ನೂ ನನ್ನ ಕೈಗವಸನ್ನೂ ಎಳೆದುಕೊಂಡಿತು. ಕೈಗವಸು ಇವತ್ತಿಗೂ ಆ ನಾಯಿಯ ಹತ್ತಿರವೇ ಇದೆ.

ಆದರೆ ಜನ ಎಷ್ಟು ಒಳ್ಳೆಯವರು! ಯಾರನ್ನು ಕೇಳಿದರೂ ಮುಖ ಅರಳಿಸಿ, “ಐ ವಿಲ್, ಯಾ” ಎನ್ನುತ್ತಿದ್ದರು. ಹಾಕ್ತೇನಿ, ಹೌದು. ಇನ್ನೇನು ಬೇಕು? ನಾನು ಒಂದೊಂದು ಮನೆಗೂ ಒಂದೊಂದು ರೈಟ್ ಮಾರ್ಕು ಹಾಕಿಕೊಂಡು ಬೀದಿ ಮುಗಿಸಿದೆ. ಕೆಲವರು ಇನ್ನೂ ಮುಂದೆ ಹೋಗಿ, “ಆಕೀಗೆ ಒಂದು ನಂಬರ್ ಕೊಡ್ತೇನಿ ಬಿಡವ್ವ” ಎಂದರು. ಅಲ್ಲಿ ಒಬ್ಬರಿಗೇ ಓಟು ಒತ್ತುವ ಪದ್ಧತಿ ಇಲ್ಲ. ಚೀಟಿಯ ಮೇಲೆ ನಿಂತವರ ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ತಮಗೆ ಬೇಕಾದ ಕ್ರಮದಲ್ಲಿ ಬರೆಯುತ್ತಾರೆ. ಅವರಿಗೂ ರೈಟ್ ಮಾರ್ಕು.

ಒಬ್ಬ ಹೆಂಗಸು ಒಳಗೆ ಕರೆದು ಚಹಾ ಕೊಟ್ಟಳು. ಬೇಡ ಎಂದರೂ ಬಿಡದೆ ಮೂರು ಸಲ ಕೇಳಿದಳು, ಥೇಟ್ ನಮ್ಮ ಹಾಗೆ. ಬರಿಗೈಯಲ್ಲಿ ಹೇಗೆ ಬರುವುದು ಎಂದು ನಾನು ಚೀಲದಿಂದ ಎರಡು ಶೇಂಗಾ ಹೋಳಿಗೆ ತೆಗೆದು ಕೊಟ್ಟೆ. ಗೇಟಿನ ಹತ್ತಿರ ನಿಂತಿದ್ದ ಮಾರ್ಟಿನ್ ಕಿಟಕಿಯಿಂದ ನೋಡಿ, ಆ ವಯಸ್ಸಿನಲ್ಲಿ ಓಡಿ ಬಂದ.

“ಏನ್ ಕೊಟ್ಟಿ ಆಕೀಗೆ?”

“ಹೋಳಿಗೀ ರೀ.”

“ಓಟರಿಗೆ ತಿನ್ನಾಕ ಕೊಡ್ತಾರೇನು! ತಂಗೀನ್ನ ಜೇಲಿಗೆ ಕಳಸ್ತೀ?” ಎಂದು ವಾಪಸ್ಸು ಕೇಳಲು ಹೋದ. ಅಷ್ಟರಲ್ಲಿ ಆಕೆ ಒಂದನ್ನು ತಿಂದು ಮುಗಿಸಿದ್ದಳು. ಉಳಿದ ಒಂದನ್ನು ಇಸಿದುಕೊಂಡು ಬಂದು, ಸಾಕ್ಷಿ ಉಳಿಯಬಾರದೆಂದು ಕಾರಿನಲ್ಲಿ ತಾನೇ ತಿಂದ. ಆಮೇಲೆ ದಿನಾ ಸಾಯಂಕಾಲ “ಸಾಕ್ಷಿ ಇನ್ನೂ ಐತೇನು?” ಎಂದು ಕೇಳುತ್ತಿದ್ದ.

ಕಾರಿನಲ್ಲಿ ಕೂತು ನನ್ನ ಹಾಳೆ ತೋರಿಸಿದೆ. ಇಡೀ ಬೀದಿ ರೈಟ್ ಮಾರ್ಕು. ಮಾರ್ಟಿನ್ ನೋಡಿದ, ನನ್ನ ಮುಖ ನೋಡಿದ, ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಗತೊಡಗಿದ. ಹೊಟ್ಟೆ ಹಿಡಿದುಕೊಂಡು ನಕ್ಕ.

“ಅವ್ವಾ, ಇಲ್ಲೆ ‘ಐ ವಿಲ್’ ಅಂದ್ರ ಹೌದು. ಹಿಂದ ಒಂದು ‘ಯಾ’ ಹಚ್ಚಿದ್ರ ಸತ್ರೂ ಇಲ್ಲ ಅಂತ ಅರ್ಥ.”

“ಮತ್ತ ನಂಬರ್ ಕೊಡ್ತೇನಿ ಅಂದವರು?”

“ಏಳನೇ ನಂಬರೂ ನಂಬರ ಅಲ್ಲೇನು?”

ನಾನು ಕಣ್ಣು ಬಿಟ್ಟು ಕೂತೆ. ನಮ್ಮಲ್ಲಿಯೂ “ನೋಡೂಣ್ರಿ” ಎಂದರೆ ಆಗುವುದಿಲ್ಲ ಎಂದೇ ಅರ್ಥ. “ನಿಮಗ ಬಿಟ್ಟು ಇನ್ಯಾರಿಗೆ ಹಾಕೂಣ್ರಿ” ಎಂದರಂತೂ ಆ ಮನೆಯನ್ನು ಬಿಟ್ಟೇ ಬಿಡಬೇಕು. ಇದೆಲ್ಲ ಗೊತ್ತಿದ್ದ ನಾನು ಪರದೇಶದಲ್ಲಿ ನಿನ್ನೆ ಕೆಲಸಕ್ಕೆ ಸೇರಿದವಳಂತೆ ಮಾರ್ಕು ಹಾಕಿಕೊಂಡು ಬಂದಿದ್ದೆ. ಮೊದಲು ಅವಮಾನವಾಯಿತು. ಆಮೇಲೆ ಆತ ನಗುವುದನ್ನು ನೋಡಿ ನನಗೂ ನಗು ಬಂತು. ಕಾರಿನ ಗಾಜೆಲ್ಲ ಮಂಜು ಹಿಡಿಯುವವರೆಗೆ ಇಬ್ಬರೂ ನಕ್ಕೆವು.

ಅದೇ ಸಂಜೆ ಒಂದು ಕಂಬಕ್ಕೆ ನಾನೇ ಶೈಲಾಳ ಪೋಸ್ಟರು ಕಟ್ಟಿದೆ. ಬೆಳಿಗ್ಗೆ ನೋಡಿದರೆ ಗಾಳಿಗೆ ತಿರುಗಿ, ರಸ್ತೆಗೆ ಬೆನ್ನು ಮಾಡಿ ಹೊಲದ ಕಡೆ ನಗುತ್ತಿತ್ತು. ಮೂವತ್ತು ಆಕಳು ಸಾಲಾಗಿ ನಿಂತು ನನ್ನ ತಂಗಿಯನ್ನು ನೋಡುತ್ತ ಮೆಲುಕು ಹಾಕುತ್ತಿದ್ದವು. “ಇವುಗಳೊಳಗ ಆಕೀ ಹವಾ ಚಲೋ ಐತಿ” ಎಂದ ಮಾರ್ಟಿನ್.

ಸುಣ್ಣದ ಭಟ್ಟಿ ಓಣಿ

ಇನ್ನು ನನ್ನ ಸ್ವಂತ ವಿದ್ಯೆಯನ್ನೇ ನಂಬಬೇಕು ಎಂದು ತೀರ್ಮಾನಿಸಿದೆ. ಊರಿನ ದೊಡ್ಡ ಓಣಿ ಒಂದಿದೆ. ಹಿಂದೆ ಅಲ್ಲಿ ಸುಣ್ಣ ಸುಡುತ್ತಿದ್ದರಂತೆ, ಹೆಸರೂ ಅದೇ. ಎದುರುಬದುರು ಒಂದೇ ನಮೂನೆಯ ಮನೆಗಳು, ನಡುವೆ ಎದೆಯೆತ್ತರದ ಹಸಿರು ಬೇಲಿ. ವೃದ್ಧಾಶ್ರಮದ ರಸ್ತೆ ಈ ಓಣಿಯಿಂದಲೇ ಹೋಗುತ್ತದೆ. ಇಲ್ಲಿ ಓಟು ಬಿದ್ದರೆ ಶೈಲಾಗೆ ಆಸೆ ಉಂಟು, ಇಲ್ಲದಿದ್ದರೆ ಇಲ್ಲ ಎಂದು ಮಾರ್ಟಿನ್ನೇ ಹೇಳಿದ್ದ. ಆತನ ಮನೆಯೂ ಅಲ್ಲೇ.

ಮೊದಲ ಮನೆ ನೋರಾ ಎಂಬವಳದು. ರಿಟೈರ್ಡ್ ಟೀಚರ್, ಒಂಟಿ. ಚಹಾ ಕುಡಿದು, ಏಳುವಾಗ ಕೇಳಿದೆ: “ಅಂದಂಗ, ನಿಮ್ಮ ಓಣ್ಯಾಗ ಯಾರ ಹವಾ ಐತ್ರಿ?”

ನೋರಾ ಕಿಟಕಿಯ ಪರದೆ ಸರಿಸಿ ಹೊರಗೆ ನೋಡಿ, ದನಿ ಇಳಿಸಿದಳು. “ನಾ ಅಂತೂ ಶೀಲಾಗೇ ಹಾಕ್ತೇನಿ. ನಮ್ಮಣ್ಣನ ಕೊನೀ ದಿನದಾಗ ಆಕಿ ಹೆಂಗ ನೋಡಿಕೊಂಡಾಳ ಅಂತ ನನಗ ಗೊತ್ತೈತಿ. ಆದ್ರ ಈ ಓಣಿ ಮಂದಿ ಹಾಕೂದಿಲ್ಲವ್ವ. ಚಲೋ ಮಂದೀನ, ಆದ್ರ ಹೊರಗಿನವರಿಗೆ ಹಾಕಾಕ ಅವರ ಕೈ ಏಳೂದಿಲ್ಲ.”

ಎದುರು ಮನೆಯಲ್ಲಿ ಡೆಕ್ಲನ್, ಟ್ರ್ಯಾಕ್ಟರ್ ರಿಪೇರಿಯವನು. ಕೈಯ ಎಣ್ಣೆ ಒರೆಸಿಕೊಳ್ಳುತ್ತ ಹೇಳಿದ: “ನಂದು ಶೀಲಾಗೇ. ಆದ್ರ ಆ ನೋರಾ ಟೀಚರ್‌ನಂಥವರು? ಹಳೇ ಮಂದಿ. ಅವರು ಬದಲಾಗೂದಿಲ್ಲ.”

ಮುಂದಿನ ಮನೆ: “ನಾ ಹಾಕ್ತೇನಿ, ಮಂದಿ ಹಾಕೂದಿಲ್ಲ.” ಅದರ ಮುಂದಿನದು: “ನಮ್ಮನಿಯಾಗ ಎರಡೂ ಓಟು ಆಕೀವು. ಆದ್ರ ಮಂದಿ…” ಓಣಿಯ ಈ ತುದಿಯಿಂದ ಆ ತುದಿಯವರೆಗೆ ಅದೇ ಮಾತು. ಒಬ್ಬರೂ “ಯಾ” ಹಚ್ಚಲಿಲ್ಲ ನಿಜ. ಆದರೆ ಕಂಪನಿಯ ಸಂಬಳ ತಿಂದ ನನ್ನ ಬುದ್ಧಿ ಹೇಳಿತು: ತನ್ನ ಬಗ್ಗೆ ಹೇಳಿದ್ದು ಬರೀ ಮರ್ಯಾದೆಗೆ, ಮಂದಿಯ ಬಗ್ಗೆ ಹೇಳಿದ್ದೇ ಖರೆ. ಇಡೀ ಓಣಿ ಒಂದೇ ದನಿಯಲ್ಲಿ ಹಾಕುವುದಿಲ್ಲ ಎಂದು ಹೇಳಿದ ಹಾಗಾಯಿತು.

ಮಾರ್ಟಿನ್ನನಿಗೆ ಹೇಳಿದೆ. “ನಾ ಏನೋ ಹಾಕ್ತೇನಿ. ಆದ್ರ ನಮ್ಮ ಓಣಿ ಮಂದಿ ಹಾಕೂದಿಲ್ಲ. ನೀ ಹೇಳೂದು ಬರೋಬ್ಬರಿ ಐತಿ” ಎಂದ. ಮೊದಲ ಸಲ ನಾವಿಬ್ಬರೂ ಒಂದೇ ಉತ್ತರಕ್ಕೆ ಬಂದಿದ್ದೆವು.

ಗುರುವಾರ ಸಂಜೆ

ಮರುದಿನ ಮತದಾನ. ರಾತ್ರಿ ಊಟದ ಹೊತ್ತಾದರೂ ಹೊರಗೆ ಮಟಮಟ ಬಿಸಿಲು. ಅಲ್ಲಿ ಬೇಸಿಗೆಯಲ್ಲಿ ಸೂರ್ಯನಿಗೆ ಮನೆಗೆ ಹೋಗುವ ಅವಸರವೇ ಇಲ್ಲ. ಶೈಲಾ ಚಪಾತಿ ಲಟ್ಟಿಸುತ್ತಿದ್ದಳು, ನಾನು ಬೇಯಿಸುತ್ತಿದ್ದೆ.

“ಅಕ್ಕಾ, ಶೀಟ್ ತಯಾರಾತೇನ?”

“ಆತು.”

“ಹೇಳು ಮತ್ತ. ಹುಬ್ಬಳ್ಳಿ ಸಾಹೇಬ್ರಿಗೆ ಹೇಳಿದಂಗ ಹೇಳು. ತಂಗಿ ಅಂತ ನೋಡಬ್ಯಾಡ.”

ಹದಿನೆಂಟು ವರ್ಷದಲ್ಲಿ ಯಾರ್ಯಾರದೋ ಸೋಲನ್ನು ಬರೆದು ಕಳಿಸಿದ್ದೇನೆ. ಸೋಲುವವರ ಎದುರಿಗೆ ನಿಂತು ಹೇಳಿದ್ದು ಅದೇ ಮೊದಲು. “ಶೈಲೂ, ಆಗೂದಿಲ್ಲ ಅನಸ್ತೈತಿ” ಎಂದೆ.

ಆಕೆ ಲಟ್ಟಿಸುವುದನ್ನು ನಿಲ್ಲಿಸಲಿಲ್ಲ. ಆ ಚಪಾತಿ ಕಾಗದದಷ್ಟು ತೆಳ್ಳಗಾಯಿತು.

“ಸುಣ್ಣದ ಭಟ್ಟಿ ಓಣಿ?”

“ಅಲ್ಲೂ ಇಲ್ಲ. ಹೊರಗಿನವರಿಗೆ ಹಾಕೂದಿಲ್ಲಂತ.”

“ಹನ್ನೆರಡು ವರ್ಷ ಅವರ ಅಪ್ಪ-ಅವ್ವಗ ಉಣಿಸೇನಿ, ಮೈ ತೊಳದೇನಿ. ಜೀವ ಹೋಗೂ ಮುಂದ ಕೈ ಹಿಡದು ಕುಂತೇನಿ. ಸೋತ್ರ ಸೋತೆ ಬಿಡು. ಫುಟ್‌ಪಾತ್‌ಗೆ ಮತ್ತ ಅರ್ಜಿ ಬರೀತೇನಿ. ಆದ್ರ ‘ಹೊರಗಿನಾಕಿ’ ಅಂದ್ರಲ್ಲ…” ಅಲ್ಲಿಗೆ ನಿಂತಳು. ಲಟ್ಟಣಿಗೆ ಕೆಳಗಿಟ್ಟು, ಹಿಟ್ಟಿನ ಕೈಯಲ್ಲೇ ಮೂಗು ಒರೆಸಿಕೊಂಡಳು. ನನಗೆ ನನ್ನ ವಿದ್ಯೆಯ ಮೇಲೆ ಮೊದಲ ಸಲ ಸಿಟ್ಟು ಬಂತು. ಹೇಳಬಾರದಿತ್ತು ಅನಿಸಿತು. ಆದರೆ ಸುಳ್ಳು ಹೇಳಿದ್ದರೆ ಆಕೆ ಕೂಡಲೇ ಹಿಡಿಯುತ್ತಿದ್ದಳು.

ಎಣಿಕೆಯ ಹಾಲ್

ಅಲ್ಲಿ ಓಟಿನ ಯಂತ್ರ ಇಲ್ಲ, ಇನ್ನೂ ಕಾಗದವೇ. ಕಾಗದದ ಗಿರಣಿಯಲ್ಲಿದ್ದ ಅಪ್ಪ ಬದುಕಿದ್ದರೆ ಆ ಕಾಗದವನ್ನು ಮೊದಲು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದ. ಶನಿವಾರ ಬೆಳಿಗ್ಗೆ ಆಟದ ದೊಡ್ಡ ಹಾಲ್‌ನಲ್ಲಿ ಉದ್ದುದ್ದ ಮೇಜು ಹಾಕಿ, ಡಬ್ಬಿಗಳನ್ನು ಒಂದೊಂದಾಗಿ ಸುರಿದು, ನೌಕರರು ಚೀಟಿ ಬಿಡಿಸಿ ಮುಖ ಮೇಲೆ ಮಾಡಿ ಇಡುತ್ತಿದ್ದರು. ಮೇಜಿನಾಚೆ ಅಡ್ಡಗಟ್ಟೆ. ಅದರ ಮೇಲಿಂದ ನಾವೆಲ್ಲ ಕೊಕ್ಕರೆಗಳ ಹಾಗೆ ಕತ್ತು ಚಾಚಿ ನಿಂತಿದ್ದೆವು.

ಅಲ್ಲಿಯ ಈ ಪದ್ಧತಿಯನ್ನು ನೋಡಿ ನಾನು ಹುಚ್ಚಿಯಾಗಿಬಿಟ್ಟೆ. ನೌಕರರು ಎಣಿಸುವ ಮೊದಲೇ, ಚೀಟಿ ಬಿಡಿಸುವಾಗಲೇ, ಎಲ್ಲಾ ಪಕ್ಷದವರು ಜೋಡಿ ಜೋಡಿ ನಿಂತು ಕಣ್ಣಲ್ಲೇ ಎಣಿಸಿಬಿಡುತ್ತಾರೆ. ಒಬ್ಬರು ಒಂದನೇ ನಂಬರು ಯಾರಿಗೆಂದು ಓದುತ್ತಾರೆ, ಇನ್ನೊಬ್ಬರು ಹಾಳೆಯಲ್ಲಿ ಗೀಟು ಹೊಡೆಯುತ್ತಾರೆ. ಇದಕ್ಕೆ ಟ್ಯಾಲಿ ಎನ್ನುತ್ತಾರೆ. ಪ್ರಚಾರದುದ್ದಕ್ಕೂ ಬಡಿದಾಡಿದ ವಿರೋಧಿಗಳೇ ಇಲ್ಲಿ ಹಾಳೆ ಹಂಚಿಕೊಂಡು ಲೆಕ್ಕ ಕೂಡಿಸುತ್ತಾರೆ. ಅಧಿಕೃತ ಫಲಿತಾಂಶ ಬರುವುದಕ್ಕೆ ಎಷ್ಟೋ ತಾಸು ಮೊದಲೇ ಇವರಿಗೆ ಗೊತ್ತಾಗಿರುತ್ತದೆ. ಕೇಳುವುದಲ್ಲ, ಹವಾ ನೋಡುವುದಲ್ಲ, ಮಂದಿಯ ಮನಸ್ಸು ಕಣ್ಣೆದುರೇ ಕಾಗದದ ಮೇಲೆ ಬಿಚ್ಚಿಕೊಳ್ಳುತ್ತಿದೆ! ನನಗೆ ಕುಣಿಯಬೇಕೆನಿಸಿತು.

ಮಾರ್ಟಿನ್ನನ ಜೋಡಿಗೆ ಯಾವಾಗಲೂ ಆತನ ಹೆಂಡತಿ ನಿಲ್ಲುತ್ತಿದ್ದಳಂತೆ. ಆಕೆಗೆ ನೆಗಡಿ. ಆತ ಹಾಳೆ ಸಿಕ್ಕಿಸಿದ ರಟ್ಟನ್ನು ನನ್ನ ಕೈಗೆ ಕೊಟ್ಟ. “ನಾ ಓದ್ತೇನಿ, ನೀ ಗೀಟ್ ಹೊಡಿ.”

ಮೊದಲ ಕೆಲವು ಡಬ್ಬಿಗಳಲ್ಲಿ ಶೈಲಾಗೆ ಅಲ್ಲೊಂದು ಇಲ್ಲೊಂದು. ಚರ್ಚಿನ ಹಿಂದಿನ ಬೀದಿಯ “ಯಾ” ಎಂದವರು ಮಾತಿಗೆ ತಪ್ಪಿರಲಿಲ್ಲ. ಶೈಲಾ ದೂರದಲ್ಲಿ ಕುರ್ಚಿಯ ಮೇಲೆ ನೆಟ್ಟಗೆ ಕೂತು, ನಮ್ಮ ಕಡೆ ನೋಡದೆ, ಚಹಾದ ಖಾಲಿ ಕಪ್ಪಿನಿಂದ ಚಹಾ ಕುಡಿಯುತ್ತಿದ್ದಳು.

ಆಮೇಲೆ ಇನ್ನೊಂದು ಡಬ್ಬಿ ಸುರಿದರು. ಮಾರ್ಟಿನ್ ಓದತೊಡಗಿದ.

“ಶೀಲಾ. ಶೀಲಾ. ಬೇರೇದವರು. ಶೀಲಾ. ಶೀಲಾ. ಶೀಲಾ…”

ನಿಲ್ಲಿಸಿದ. ಕನ್ನಡಕ ತೆಗೆದು ಸ್ವೆಟರಿಗೆ ಒರೆಸಿ ಮತ್ತೆ ಹಾಕಿಕೊಂಡ. “ನನ್ನ ಕಣ್ಣಿಗೆ ಏನೋ ಆಗೈತಿ. ನೀ ಓದು” ಎಂದು ರಟ್ಟು ಕಿತ್ತುಕೊಂಡ. ನಾನು ಓದಿದೆ. ಶೈಲಾ. ಶೈಲಾ. ಐದು ಗೀಟಿಗೆ ಒಂದು ಕಟ್ಟು, ಕಟ್ಟಿನ ಮೇಲೆ ಕಟ್ಟು. ನನಗೆ ಅರಿವಿಲ್ಲದೆ ದನಿ ಏರಿ “ಶೈಲಾ! ಮತ್ತ ಶೈಲಾ! ಅಯ್ಯ ಶಿವನ, ಮತ್ತ ಶೈಲಾ!” ಎಂದು ಕೂಗತೊಡಗಿದ್ದೆ. ಚೀಟಿ ಬಿಡಿಸುತ್ತಿದ್ದ ಹೆಂಗಸೊಬ್ಬಳು ತುಟಿಯ ಮೇಲೆ ಬೆರಳಿಟ್ಟಳು.

ಮಾರ್ಟಿನ್ ಡಬ್ಬಿಯ ಮೇಲಿನ ನಂಬರನ್ನು ಮೂರು ಸಲ ನೋಡಿ ಬಂದ. “ಇದು ನಮ್ಮ ಓಣೀದ” ಎಂದ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಸುಣ್ಣದ ಭಟ್ಟಿ ಓಣೀದ ಇದು.”

ಒಬ್ಬೊಬ್ಬರೂ ತಾನೊಬ್ಬನೇ ಎಂದುಕೊಂಡು ಹೋಗಿ ಹಾಕಿ ಬಂದಿದ್ದರು. ಹೆಚ್ಚುಕಡಿಮೆ ಇಡೀ ಓಣಿ ಒಬ್ಬೊಬ್ಬರಾಗಿ ಹೋಗಿ ಹಾಕಿ ಬಂದಿತ್ತು. ಹದಿನೆಂಟು ವರ್ಷದ ನನ್ನ ವಿದ್ಯೆ ಆ ಅಡ್ಡಗಟ್ಟೆಯ ಮೇಲೆ ಮಕಾಡೆ ಬಿದ್ದಿತ್ತು. ನಾನು ಅದರ ಪಕ್ಕ ನಿಂತು ಹಲ್ಲು ಕಿರಿಯುತ್ತಿದ್ದೆ. ತಪ್ಪಿದ್ದಕ್ಕೆ ಅಷ್ಟು ಖುಷಿಪಟ್ಟವರನ್ನು ನಾನು ಕಂಡಿಲ್ಲ.

ಅಷ್ಟಕ್ಕೇ ಗೆಲುವು ಬರಲಿಲ್ಲ. ಅಲ್ಲಿ ಎಲ್ಲರಿಗಿಂತ ಕಡಿಮೆ ಬಂದವರನ್ನು ಒಂದೊಂದು ಸುತ್ತಿನಲ್ಲಿ ತೆಗೆದು, ಅವರ ಚೀಟಿಯಲ್ಲಿ ಎರಡನೇ ನಂಬರು ಯಾರಿಗಿದೆಯೋ ಅವರಿಗೆ ಕೊಡುತ್ತಾರೆ. ಸುತ್ತುಗಳು ಭಾನುವಾರಕ್ಕೂ ನಡೆದವು. ಕುರಿ ಸಾಕುವ ಒಬ್ಬ ರೈತ ಸೋತು ಹೊರಬಿದ್ದಾಗ ಆತನ ಚೀಟಿಗಳಲ್ಲಿ ಎರಡನೇ ನಂಬರು ಸಾಲುಸಾಲಾಗಿ ಶೈಲಾಗೆ ಬಂತು. ನಂಬರ್ ಕೊಡ್ತೇನಿ ಎಂದಿದ್ದವರು ನಿಜವಾಗಿಯೂ ಕೊಟ್ಟಿದ್ದರು! ಆ ರೈತ ತಾನು ಸೋತದ್ದನ್ನು ಮರೆತು ನನ್ನ ಬೆನ್ನಿಗೆ ಗುದ್ದಿ “ನಿನ್ನ ತಂಗಿ ಹೊಂಟ್ಲು ನೋಡು” ಎಂದ.

ಮಧ್ಯಾಹ್ನ ಅಧಿಕಾರಿ ವೇದಿಕೆ ಹತ್ತಿ, ಆ ಭಾಗದಿಂದ ಆರಿಸಬೇಕಾದ ನಾಲ್ಕಾರು ಜನರಲ್ಲಿ ಕೊನೆಯವರ ಹೆಸರು ಓದಿದರು. ಮೊದಲು ಅವರ ಐರಿಷ್ ಭಾಷೆಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಎರಡರಲ್ಲೂ ನನಗೆ ತಿಳಿದದ್ದು ಒಂದೇ ಶಬ್ದ. ಮರುಕ್ಷಣ ಡೆಕ್ಲನ್ ಮತ್ತು ಆ ಕುರಿಯವನು ಸೇರಿ ಶೈಲಾಳನ್ನು ಹೆಗಲ ಮೇಲೆ ಎತ್ತಿದರು. ಆಕೆ ಮೇಲಿನಿಂದ ಕನ್ನಡದಲ್ಲಿ ಕಿರುಚಿದಳು:

“ಅಕ್ಕಾ! ಇಳಸಂತ ಹೇಳ ಇವರಿಗೆ! ಬೀಳ್ತೇನಿ!”

“ಇಳಸೂದಿಲ್ಲ!” ಎಂದು ನಾನೂ ಕಿರುಚಿದೆ. ಮಾರ್ಟಿನ್ನನಿಗೆ ಏನು ತಿಳಿಯಿತೋ, ಆತನೂ “ಇಳಸೂದಿಲ್ಲ!” ಎಂದ, ಅಕ್ಷರಕ್ಕಕ್ಷರ.

ಹಳಿಯಾಳಕ್ಕೆ ಫೋನ್ ಹಚ್ಚಿದೆ. ಅವ್ವ ಎಲ್ಲಾ ಕೇಳಿ, “ನೀ ಆಗೂದಿಲ್ಲ ಅಂದಿದ್ದಿಯಂತಲ್ಲ?” ಎಂದಳು. ಹಿಂದಿನಿಂದ ನಮ್ಮವರು ನಗುವುದು ಕೇಳಿಸಿತು.

ಸೋಮವಾರ

ಬೆಳಿಗ್ಗೆ ಮಾರ್ಟಿನ್ ಜೊತೆ ಸುಣ್ಣದ ಭಟ್ಟಿ ಓಣಿಗೆ ಥ್ಯಾಂಕ್ಸ್ ಹೇಳಲು ಹೋದೆ. ಟ್ಯಾಲಿಯ ಸುದ್ದಿ ಓಣಿಗೆ ಮುಟ್ಟಿತ್ತು. ನೋರಾ ಗೇಟಿಗೆ ಬಂದಿದ್ದಳು, ಎದುರಿಗೆ ಡೆಕ್ಲನ್ ತನ್ನ ಗೇಟಿನಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದರು.

“ನೀನೂ ಹಾಕಿದ್ಯಾ?” ನೋರಾ ಕೇಳಿದಳು.

“ಹೂಂ. ನೀವೂ?”

“ನಾ ಹಾಕೇ ಹಾಕ್ತಿದ್ದೆ. ನೀ ಹಾಕೂದಿಲ್ಲ ಅನಕೊಂಡಿದ್ದೆ.”

“ನೀವು ಹಾಕೂದಿಲ್ಲ ಅಂತ ನಾ ಇವರಿಗೆ ಹೇಳಿದ್ದೆ” ಎಂದು ಡೆಕ್ಲನ್ ನನ್ನ ಕಡೆ ಕೈ ತೋರಿಸಿ ಕೆಂಪಾದ. ನೋರಾ ಹೊಟ್ಟೆ ಹಿಡಿದು ನಕ್ಕಳು. ಬೇಲಿಯ ಮೇಲೆ ಇನ್ನೊಂದು ತಲೆ ಎದ್ದಿತು, ಅದರಾಚೆ ಮತ್ತೊಂದು. “ನೀವೂನಾ?” “ಮತ್ತ ನೀವು?” ಬೇಲಿಯಿಂದ ಬೇಲಿಗೆ ಮಾತು ಹೋಯಿತು. ವರ್ಷಗಟ್ಟಲೆ ಬಾಜೂಬಾಜೂ ಇದ್ದವರು ಅವತ್ತು ಮೊದಲ ಸಲ ಭೇಟಿಯಾದವರಂತೆ ನಾಚಿಕೊಂಡು ನಗುತ್ತಿದ್ದರು.

“ಮಾರ್ಟಿನ್, ನೀ ಏನಂತಿದ್ದಿ ನಮ್ಮ ಬಗ್ಗೆ?” ಎಂದು ಯಾರೋ ಕೇಳಿದರು. ಆತ ಟೊಪ್ಪಿಗೆ ಮುಖದ ಮೇಲೆ ಎಳೆದುಕೊಂಡ.

ಅಷ್ಟರಲ್ಲಿ ಶೈಲಾ ಬಂದಳು. ಕೌನ್ಸಿಲರ್ ಆದರೂ ಡ್ಯೂಟಿ ತಪ್ಪುವುದಿಲ್ಲ, ನೀಲಿ ಯೂನಿಫಾರ್ಮಿನಲ್ಲಿದ್ದಳು. ನನ್ನ ಕೈಯಲ್ಲಿದ್ದ ಟ್ಯಾಲಿ ಹಾಳೆಯನ್ನು ಇಸಿದುಕೊಂಡು, ಈ ಓಣಿಯ ಡಬ್ಬಿಯ ಗೀಟುಗಳ ಮೇಲೆ ಬೆರಳು ಆಡಿಸಿದಳು.

“ಅಕ್ಕಾ, ಇದರಾಗ ಯಾವ ಗೀಟು ಯಾರದು?”

“ಅದ್ಹೆಂಗ ಗೊತ್ತಾಗ್ತೈತಿ, ಹುಚ್ಚಿ? ಹಾಕದವರೂ ಅದಾರ ಇಲ್ಲೆ.”

“ಗೊತ್ತಾಗೂದಿಲ್ಲಲ್ಲ? ಹಂಗಾದ್ರ ಎಲ್ಲಾರೂ ಹಾಕ್ಯಾರಂತ ತಿಳಕೋತೇನಿ” ಎಂದಳು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಯೂನಿಫಾರ್ಮಿನ ಜೇಬಿಗೆ ಇಟ್ಟುಕೊಂಡು, ಗಡಿಯಾರ ನೋಡಿ ಹೊರಟಳು. ಫುಟ್‌ಪಾತ್ ಇಲ್ಲದ ಆ ರಸ್ತೆಯ ಬದಿ ಹಿಡಿದು, ಒಂದೊಂದು ಗೇಟಿನ ಮುಂದೆಯೂ ಕೈಯೆತ್ತಿ ಬೀಸುತ್ತ ಹೋದಳು. ಮುಚ್ಚಿದ ಗೇಟುಗಳಿಗೂ ಬೀಸಿದಳು.